ಐವತ್ತೈದು ಇಂಚು, ಕ್ಯಾಮೆರಾಗೆ ಮುಚ್ಚಳ ಬೇಡ

"ಕಪ್ಪು ಎಷ್ಟು ಕಪ್ಪಗಿರುತ್ತೆ?"

ಹನ್ನೊಂದು ವರ್ಷದಿಂದ ಟಿವಿ ಮಾರುತ್ತಿದ್ದೇನೆ. ಈ ಪ್ರಶ್ನೆಯನ್ನು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಜನ ಬರುತ್ತಾರೆ, ಎರಡೂ ಕೈ ಅಗಲಿಸಿ "ಇಷ್ಟು ದೊಡ್ಡದು ಕೊಡಿ" ಅನ್ನುತ್ತಾರೆ. ಬರೀ ಇಂಚು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಇವಳು ಇಂಚು ಕೇಳಲಿಲ್ಲ.

ಎರಡು ಟಿವಿ ಅಕ್ಕಪಕ್ಕ ಹಾಕಿ ತೋರಿಸಿದೆ. "ಇದು ಎಲ್‌ಇಡಿ. ಪರದೆ ಹಿಂದೆ ಯಾವಾಗ್ಲೂ ಬೆಳಕು ಇರುತ್ತೆ. ಅದಕ್ಕೇ ಕಪ್ಪು ಸ್ವಲ್ಪ ಬೂದಿ ಥರ ಕಾಣುತ್ತೆ. ಇದು ಓಎಲ್‌ಇಡಿ. ಒಂದೊಂದು ಚುಕ್ಕಿನೂ ತಾನೇ ಉರಿಯುತ್ತೆ, ತಾನೇ ಆರುತ್ತೆ."

ಅವಳು ಬಾಗಿ ನೋಡಿದಳು. ಜಾರಿದ ಕನ್ನಡಕವನ್ನು ಬೆರಳ ಗೆಣ್ಣಿನಿಂದ ಮೇಲಕ್ಕೆ ತಳ್ಳಿದಳು. ಆ ಒಂದು ಗೆಣ್ಣನ್ನು ನಾನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದೆ.

"ನೀವು ಎಡಗಣ್ಣು ಕಿರಿದು ಮಾಡಿ ನೋಡ್ತೀರಿ," ಅಂದಳು ತಿರುಗದೆಯೇ. "ಟೆಸ್ಟ್ ಮಾಡ್ಸಿ ಎಷ್ಟು ವರ್ಷ ಆಯ್ತು?"

ನಮ್ಮದೇ ರಸ್ತೆಯ ಕೊನೆಯಲ್ಲಿರುವ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳಂತೆ ಅವಳು. ಇಷ್ಟು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ. ನನ್ನ ಕಣ್ಣು ಕೆಟ್ಟಿರುವುದಕ್ಕೆ ಬೇರೆ ಸಾಕ್ಷಿ ಬೇಕೇ?

"ಎದುರಿಗಿರೋದು ಚೆನ್ನಾಗೇ ಕಾಣಿಸ್ತಿದೆ," ಅಂದೆ.

ಅವಳು ನಕ್ಕಳು. ಆಮೇಲೆ ನೆನಪಾದವಳಂತೆ ಬ್ಯಾಗಿನಿಂದ ಫೋನ್ ತೆಗೆದಳು. "ಟಿವಿ ನನಗಲ್ಲ ರೀ, ಹೊಸ ಮನೆಗೆ. ಮುಂದಿನ ತಿಂಗಳು ಮದುವೆ. ಅಣ್ಣ ನೋಡಿದ ಸಂಬಂಧ. ಅವರು ಟೂರ್‌ನಲ್ಲಿದಾರೆ, ಲಿಸ್ಟ್ ಕಳ್ಸಿದಾರೆ."

ಕೈಯಲ್ಲಿದ್ದ ರಿಮೋಟನ್ನು ಸುಮ್ಮನೆ ಒರೆಸಿ ಪಕ್ಕಕ್ಕಿಟ್ಟೆ. ಆದರೂ ಸೇಲ್ಸ್‌ಮನ್ ಸೇಲ್ಸ್‌ಮನ್ನೇ. ಲಿಸ್ಟ್ ಇಸಿದುಕೊಂಡೆ.

ಐವತ್ತೈದು ಇಂಚು, ಫೋರ್ ಕೆ. ಸರಿ. ಆಮೇಲೆ ಬಂದಿದ್ದು ಬೇರೆ ರೀತಿಯದು. ಟಿವಿಯಲ್ಲೇ ಕ್ಯಾಮೆರಾ ಇರಬೇಕು. ಕ್ಯಾಮೆರಾಗೆ ಮುಚ್ಚಳ ಇರಬಾರದು. ಮೈಕ್ ಬಟನ್ ಒತ್ತದೆಯೇ ಕೇಳಿಸಿಕೊಳ್ಳಬೇಕು. ಟಿವಿ ಆಫ್ ಇದ್ದಾಗಲೂ ಫೋನಿನಿಂದ ಹಾಲ್ ಕಾಣಬೇಕು. ಯಾರೋ ನೋಡುತ್ತಿದ್ದಾರೆಂದು ತೋರಿಸುವ ಲೈಟ್ ಇರಬಾರದು.

ಪಿಕ್ಚರ್ ಕ್ವಾಲಿಟಿ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

"ದೂರ ಇರ್ತಾರಲ್ಲ, ಮಾತಾಡೋಕೆ ಅನುಕೂಲ ಅಂತ," ಅಂದಳು. ನಾನು ಕೇಳಿರಲೇ ಇಲ್ಲ.

ನನ್ನ ಹುಚ್ಚು ನೋಡಿ. ಅನುಮಾನ ಪಡುವ ಬದಲು ಉತ್ಸಾಹ ಬಂತು. ಆ ಲಿಸ್ಟಿಗೆ ಸರಿಹೊಂದುವ ಒಂದೇ ಒಂದು ಮಾಡೆಲ್ ನಮ್ಮಲ್ಲಿತ್ತು. ಅವಳ ಹೊಸ ಮನೆಯ ಹಾಲ್ ಹೇಗಿದೆಯೆಂದು ಕೇಳಿ, ಹಾಳೆಯ ಮೇಲೆ ನಕ್ಷೆ ಬರೆದೆ. "ಈ ಮೂಲೇಲಿ ಹಾಕಿದ್ರೆ ಮುಂಬಾಗಿಲು, ಅಡುಗೆಮನೆ ಬಾಗಿಲು, ಎರಡೂ ಕ್ಯಾಮೆರಾಗೆ ಸಿಗುತ್ತೆ ನೋಡಿ," ಎಂದು ಹೆಮ್ಮೆಯಿಂದ ಗೆರೆ ಎಳೆದೆ. ಅವಳು ಆ ಗೆರೆಗಳನ್ನು ನೋಡುತ್ತ ಕೂತಳು. ಹಾಲಿನಲ್ಲಿ ಗೆರೆ ಮುಟ್ಟದ ಜಾಗ ಒಂದು ಅಂಗೈಯಷ್ಟು ಉಳಿದಿತ್ತು.

"ಇಲ್ಲಿ ಒಂದು ಕುರ್ಚಿ ಹಾಕ್ಕೋಬಹುದು," ಅಂದಳು. ತಮಾಷೆಗೆ ಅಂದಳೆಂದು ನಾನು ನಕ್ಕೆ. ಅವಳು ನಗಲಿಲ್ಲ.

ನಮ್ಮ ಶೋರೂಮಿನಲ್ಲಿ ಒಂದು ಪದ್ಧತಿಯಿದೆ. ಗಿರಾಕಿ ಒಪ್ಪಿದ ಮಾಡೆಲ್ಲಿನ ಡಿಸ್‌ಪ್ಲೇ ಸೆಟ್ಟಿಗೆ ಅವರದೇ ಅಕೌಂಟ್ ಹಾಕಿ ಎಲ್ಲವನ್ನೂ ಓಡಿಸಿ ತೋರಿಸುತ್ತೇವೆ. ಅವರು ಬಾಗಿಲು ದಾಟಿದ ತಕ್ಷಣ ರೀಸೆಟ್ ಹೊಡೆದು ಅಳಿಸುತ್ತೇವೆ. ಅವಳು ಭಾವೀ ಗಂಡನ ಅಕೌಂಟಿಗೆ ಅವನೇ ಕಳಿಸಿದ ಪಾಸ್‌ವರ್ಡ್ ಒತ್ತಿದಳು. ಪರದೆಯ ಮೂಲೆಯಲ್ಲಿ ದುಂಡಗೆ ಅವಳ ಫೋಟೋ ಮೂಡಿತು. ಅವಳು ಮೂಗು ತಾಗುವಷ್ಟು ಬಾಗಿ ನೋಡಿದಳು.

ಯಾವುದೋ ಮುದುಕರ ಮೂಗಿನ ಮೇಲೆ ಅವಳು ಫ್ರೇಮ್ ಕೂರಿಸುತ್ತಿರುವ ಫೋಟೋ. ರಸ್ತೆಯ ಆಚೆ ನಿಂತು ಗಾಜಿನಾಚೆಯಿಂದ ತೆಗೆದದ್ದು.

"ಇದು ಯಾವಾಗ ತೆಗೆದಿದ್ದು?" ಕೇಳಿದೆ.

"ಗೊತ್ತಿಲ್ಲ," ಅಂದಳು. ಸ್ವಲ್ಪ ತಡೆದು, "ಈ ಸೀರೆ ಉಟ್ಟು ಎರಡು ವರ್ಷದ ಮೇಲಾಯ್ತು. ಸಂಬಂಧ ಬಂದಿದ್ದು ಮೊನ್ನೆ ಮೊನ್ನೆ."

ಡೆಲಿವರಿ ಮುಂದಿನ ವಾರ ಎಂದು ಬರೆಸಿ ಅವಳು ಹೋದಳು. ನಾನು ರೀಸೆಟ್ ಒತ್ತಲಿಲ್ಲ. ಆ ಫೋಟೋ ಹೇಗೇ ಬಂದಿರಲಿ, ಅದರಲ್ಲಿ ಅವಳಿದ್ದಳು. ಅಳಿಸಲು ಕೈ ಬರಲಿಲ್ಲ, ಅಷ್ಟೇ.

ನಾಲ್ಕು ದಿನ ಹಾಗೇ ಬಿಟ್ಟೆ. ಬೆಳಿಗ್ಗೆ ಶಟರ್ ಎತ್ತಿ ಮೊದಲು ಆ ಟಿವಿಯ ಧೂಳು ಒರೆಸುತ್ತಿದ್ದೆ. "ನೀವು ನಕ್ಕರೆ ಶೋರೂಮಿನ ಅಷ್ಟೂ ಟಿವಿ ದಂಡ ಕಣ್ರೀ," ಅಂತ ಒಂದು ದಿನ ಅದಕ್ಕೆ ಹೇಳಿಯೂಬಿಟ್ಟೆ. ಪಿಸುಮಾತಿನಲ್ಲಿ.

"ಮದುವೆ ಗೊತ್ತಾದ ಹುಡುಗಿ ಕಣೋ," ಅಂದರು ಕ್ಯಾಷ್ ಕೌಂಟರಿನ ಅಕ್ಕ. ಅವರ ಕಣ್ಣಿಗೆ ಬೀಳದ ವಿಷಯವೇ ಇಲ್ಲ. "ಹೋಗಿ ಹೋಗಿ ಇವಳೇ ಸಿಕ್ಕಿದ್ಲಾ ನಿಂಗೆ?"

ಐದನೇ ದಿನ ಮಧ್ಯಾಹ್ನ ಅವಳು ಬಂದಳು. ಬಂದವಳೇ ನನ್ನ ಎದುರು ನಿಂತಳು. ಮುಖ ಬಿಳಚಿತ್ತು.

"ನೀವು ಅವರ ಸ್ನೇಹಿತರಾ?"

"ಯಾರ?"

"ನಾಟಕ ಬೇಡ. ನಿನ್ನೆ ಅವರು ಫೋನ್ ಮಾಡಿದ್ರು. ನೀನು ನಕ್ಕರೆ ಅಷ್ಟೂ ಟಿವಿ ದಂಡವಂತೆ ಹೌದಾ, ಅಂತ ಕೇಳಿದ್ರು. ಅಂಗಡಿಯವನ ಎದುರು ಅಷ್ಟೊಂದು ಬಾಗಿ ನೋಡೋದು ಏನಿತ್ತು ಅಂದ್ರು. ಯಾರು ಹೇಳಿದ್ದು ಅವರಿಗೆ? ನಿಮ್ಮನ್ನ ನಂಬಿದ್ನಲ್ಲ ರೀ ನಾನು."

ಆ ಮಾತನ್ನು ನಾನು ಯಾವ ಮನುಷ್ಯನಿಗೂ ಹೇಳಿರಲಿಲ್ಲ. ಅವಳಿಗೂ ಹೇಳಿರಲಿಲ್ಲ.

"ಬನ್ನಿ," ಅಂದೆ. ಆ ಟಿವಿಯ ಮುಂದೆ ಅವಳನ್ನು ನಿಲ್ಲಿಸಿ ಎಲ್ಲ ಹೇಳಿಬಿಟ್ಟೆ: ಅಳಿಸಬೇಕಾದ ಅಕೌಂಟನ್ನು ಅಳಿಸಲಿಲ್ಲ, ಫೋಟೋದ ಆಸೆಗೆ ಬಿಟ್ಟೆ, ಮಾತಾಡಿದ್ದು ಫೋಟೋಗೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಹಿಸ್ಟರಿ ತೆರೆದೆ.

ಸಾಲು ಸಾಲು ದಿನಾಂಕ. ನಾಲ್ಕು ದಿನದಲ್ಲಿ ಎಂಬತ್ತಮೂರು ಸಲ ಅವನ ಫೋನಿನಿಂದ ಕ್ಯಾಮೆರಾ ತೆರೆದಿತ್ತು. ಬೆಳಿಗ್ಗೆ ಶಟರ್ ಎತ್ತಿದಾಗ, ಊಟದ ಹೊತ್ತಿಗೆ, ಬಾಗಿಲು ಹಾಕುವವರೆಗೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಸಮಯ ಇರಲಿಲ್ಲ. 'ಈಗ ಸಂಪರ್ಕದಲ್ಲಿದೆ' ಎಂದಿತ್ತು.

ಅವಳು ಅದನ್ನು ಓದಿದಳು. ಕಣ್ಣು ಪರೀಕ್ಷೆಗೆ ಬಂದವರಂತೆ ಒಂದೊಂದೇ ಅಕ್ಷರ ಓದಿದಳು.

"ಸೌಂಡ್ ಚೆನ್ನಾಗಿದೆ," ಅಂತು ಟಿವಿ.

ಗಂಡಸಿನ ಧ್ವನಿ. ಮೃದುವಾಗಿತ್ತು, ಕೋಪವೇ ಇರಲಿಲ್ಲ. ನನಗೆ ಭಯವಾಗಿದ್ದು ಅದಕ್ಕೇ.

"ಬರೆದಿದ್ದೆಲ್ಲ ಸರಿಯಾಗಿ ಕೆಲಸ ಮಾಡ್ತಿದೆ. ಇದನ್ನೇ ಪ್ಯಾಕ್ ಮಾಡಿಸು. ನೀನು ಬೇಜಾರು ಮಾಡ್ಕೋಬೇಡ, ನಿನ್ನ ಒಳ್ಳೇದಕ್ಕೇ ತಾನೇ ನೋಡ್ಕೊಳ್ಳೋದು. ಅಣ್ಣನಿಗೂ ಗೊತ್ತಿದೆ."

"ಅಣ್ಣನಿಗೆ ಗೊತ್ತಿಲ್ಲ," ಅಂದಳು ಅವಳು. ಧ್ವನಿ ನಡುಗಿತು, ಆದರೆ ನಿಲ್ಲಲಿಲ್ಲ. "ಗೊತ್ತಿದ್ರೆ ಕೊಡ್ತಿರಲಿಲ್ಲ. ನನಗೆ ಈ ಟಿವಿ ಬೇಡ. ಆ ಮನೆ ಬೇಡ. ನೀವೂ ಬೇಡ."

"ಅವನು ಬೇಕಾ?"

ಅವಳು ಉತ್ತರಿಸುವ ಮೊದಲು ನಾನೇ ಬಾಯಿಬಿಟ್ಟೆ. ಧೈರ್ಯದಿಂದಲ್ಲ, ತಡೆಯಲಾಗದೆ. "ಅವರಿಗೆ ನಾನು ಬೇಕೋ ಬೇಡವೋ ಗೊತ್ತಿಲ್ಲ. ನನಗೆ ಅವರು ಬೇಕು. ಮೊದಲನೇ ದಿನದಿಂದ. ಅಳಿಸದೆ ಬಿಟ್ಟಿದ್ದು ನನ್ನ ತಪ್ಪು. ಅದಕ್ಕೆ ಅವರನ್ನ ಕೇಳಬೇಡಿ, ನನ್ನನ್ನ ಕೇಳಿ."

ಅವಳು ನನ್ನ ಕಡೆ ತಿರುಗಿದಳು. ಕನ್ನಡಕ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಆ ನೋಟದಲ್ಲಿ ಕೋಪವೂ ಇತ್ತು, ಇನ್ನೊಂದೂ ಇತ್ತು. ಮೂರನೆಯವನೊಬ್ಬ ನೋಡುತ್ತಿರುವಾಗ ಅದನ್ನು ನೋಡಬೇಕಾಗಿ ಬಂದದ್ದು ನನಗೆ ಇವತ್ತಿಗೂ ಸಂಕಟ.

"ಅಲ್ಲೇ ಇರಿ ಇಬ್ಬರೂ," ಅಂತು ಧ್ವನಿ. "ಹತ್ತು ನಿಮಿಷದಲ್ಲಿ ಬರ್ತೀನಿ."

"ಟೂರ್‌ನಲ್ಲಿದೀನಿ ಅಂದಿದ್ರು..." ಅವಳು ಪಿಸುಗುಟ್ಟಿದಳು.

ಅಷ್ಟರಲ್ಲಿ ಪರದೆ ಕಪ್ಪಾಯಿತು. ಕೌಂಟರಿನ ಅಕ್ಕ ಗೋಡೆಯ ಪಕ್ಕ ನಿಂತಿದ್ದರು, ಕೈಯಲ್ಲಿ ಪ್ಲಗ್. "ನನಗೆ ಟಿವಿ ಬಗ್ಗೆ ಗೊತ್ತಿರೋದು ಇಷ್ಟೇನಪ್ಪ," ಅಂದರು.

ನಾನು ಹಿಂಬಾಗಿಲು ತೋರಿಸಿದೆ. "ಗೋಡೌನ್ ಕಡೆಯಿಂದ ಹೋಗಿಬಿಡಿ. ನಾನು ನೋಡ್ಕೋತೀನಿ."

"ಎಲ್ಲಿಗೆ?" ಅಂದಳು. "ಆ ಫೋಟೋ ನೋಡಿದ್ರಲ್ಲ, ಎರಡು ವರ್ಷದಿಂದ ನನ್ನ ಅಂಗಡಿ ಎದುರು ನಿಲ್ತಿದಾರೆ. ಮನೆ ಗೊತ್ತು. ದಾರಿ ಗೊತ್ತು. ನಾನು ಎಲ್ಲಿ ಅಂತ ಹೋಗ್ಲಿ?"

ಫೋನ್ ತೆಗೆದು ಕಿವಿಗಿಟ್ಟಳು. "ಅಣ್ಣಾ, ಟಿವಿ ಶೋರೂಮಿಗೆ ಬಾ. ಈಗಲೇ. ಇಲ್ಲ, ಫೋನಲ್ಲಿ ಹೇಳಲ್ಲ, ಬಂದು ಕಣ್ಣಾರೆ ನೋಡು." ನನಗೆ ಹೇಳಿದಳು, "ಆ ಹಿಸ್ಟರಿ ಅಳಿಸಬೇಡಿ."

"ಇಲ್ಲ."

ಗಿರಾಕಿಗಳಿಗೆಂದು ಹಾಕಿದ ಸೋಫಾದಲ್ಲಿ ಅವಳು ಕೂತಳು. ಪಕ್ಕದ ಜಾಗ ತಟ್ಟಿದಳು. ನಾನೂ ಕೂತೆ. ಎದುರಿಗೆ ಮೂವತ್ತು ಟಿವಿಗಳಲ್ಲಿ ಒಂದೇ ನದಿ ಹರಿಯುತ್ತಿತ್ತು. ಅಕ್ಕ ಬಾಗಿಲ ಹತ್ತಿರ ಸ್ಟೂಲ್ ಎಳೆದುಕೊಂಡರು.

"ಟೆಸ್ಟ್‌ಗೆ ಯಾವಾಗ ಬರ್ತೀರಿ?" ಅಂದಳು ಮೆಲ್ಲಗೆ. "ಆ ಎಡಗಣ್ಣು."

"ನಾಳೆ."

"ಬರಲೇಬೇಕು," ಅಂದಳು, ನನ್ನ ಕೈ ಹಿಡಿದಳು. ಅವಳ ಬೆರಳು ಮಂಜಿನಷ್ಟು ತಣ್ಣಗಿತ್ತು.

ಹೊರಗೆ ಒಂದು ಕಾರು ಬಂದು ನಿಂತಿತು. "ಅಣ್ಣನದಲ್ಲ, ಅವನದು ಸ್ಕೂಟರ್," ಅಂದಳು. ಕಾರಿನ ಬಾಗಿಲು ಸಾವಕಾಶವಾಗಿ ಮುಚ್ಚಿದ ಸದ್ದು ಕೇಳಿಸಿತು. ಯಾರೇ ಒಳಗೆ ಬರಲಿ, ಎದ್ದು ನಿಂತು ನಮಸ್ಕಾರ ಅನ್ನುವುದು ನನ್ನ ಅಭ್ಯಾಸ. ಕಾಲು ತಾನಾಗಿಯೇ ನೆಲಕ್ಕೆ ಒತ್ತಿತು.

"ಏಳಬೇಡಿ," ಅಂದಳು.

ನಾನು ಏಳಲಿಲ್ಲ.