ಕೆಂಪರಾಜನ ತ್ರೀ ಫೇಸ್ ಕರೆಂಟು

"ಅಯ್ಯೋ, ಮುಟ್ಬೇಡಿ!"

ಸುಕನ್ಯ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡಳು. ತಲೆ ಸುತ್ತಿ ಗೋಡೆಗೆ ಒರಗಿದ್ದ ಮನುಷ್ಯ ಬೀಳದಿರಲಿ ಎಂದು ಹಿಡಿಯಲು ಹೋದದ್ದೇ ತಪ್ಪಾಯಿತೇ?

ಆಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ಇಬ್ಬರ ಮೊದಲ ಭೇಟಿ ನಡೆದದ್ದು ಹೀಗೆ. 2003ರ ಬೇಸಿಗೆ. ಹಲಸೂರಿನ ಸುಕನ್ಯ ಎದೆಯ ಕ್ಯಾನ್ಸರ್ ಆಗಿದ್ದ ಅತ್ತೆ ಅಮೃತಮ್ಮನನ್ನು ದಿನಾ ಕರೆತರುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಅತ್ತೆಯನ್ನು ಬಿಟ್ಟು ಹೋಗದ ಸೊಸೆ ಅವಳು. ಅವನು ಕೆಂಪರಾಜ್, ಹೊಸ ತಿಪ್ಪಸಂದ್ರದ ಎಲೆಕ್ಟ್ರಿಷಿಯನ್. ಇನ್ನೂ ನಲವತ್ತು ದಾಟಿರಲಿಲ್ಲ, ಆಗಲೇ ಅನ್ನನಾಳದಲ್ಲಿ ಕ್ಯಾನ್ಸರ್. ಒಂದು ತುತ್ತು ಅನ್ನವೂ ಕೆಳಗಿಳಿಯುತ್ತಿರಲಿಲ್ಲ.

ಮರುದಿನ ಅವನೇ ಬಂದು, "ಸಾರಿ ರೀ, ನಿನ್ನೆ ಕೂಗಾಡ್ಬಿಟ್ಟೆ" ಎಂದ. ಆದರೆ ಕುಳಿತದ್ದು ಬೆಂಚಿನ ಆ ತುದಿಯಲ್ಲಿ!

ಆಮೇಲೆ ದಿನಾ ಮಾತು. ಶಿವಾಜಿನಗರದ ಬಸ್ಸಿನ ನೂಕುನುಗ್ಗಲು, ಅವನು ವೈರಿಂಗ್ ಮಾಡಿದ ಇಂದಿರಾನಗರದ ಬಂಗಲೆಗಳು... ಅವನು ಹೇಳುವ ರೀತಿಗೆ ಅಮೃತಮ್ಮನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸುಕನ್ಯ ಅವನಿಗಾಗಿ ರಾಗಿ ಗಂಜಿಯನ್ನು ನುಣ್ಣಗೆ ಸೋಸಿ ತರತೊಡಗಿದಳು. ಗುಟುಕು ಗುಟುಕಿಗೂ ಅವನು ನೋವು ನುಂಗುವಾಗ ಅವಳು ಲೋಟ ಖಾಲಿಯಾಗುವವರೆಗೂ ಅಲ್ಲಿಂದ ಏಳುತ್ತಿರಲಿಲ್ಲ.

ಆದರೆ ಲೋಟವನ್ನು ಅವನು ಎಂದೂ ಅವಳ ಕೈಯಿಂದ ತೆಗೆದುಕೊಂಡವನಲ್ಲ. "ಬೆಂಚ್ ಮೇಲಿಡಿ" ಎನ್ನುತ್ತಿದ್ದ.

ಯಾಕೆ? ನಾನು ಗಂಡ ಸತ್ತವಳು ಅಂತಲೇ? ಹಾಗಿದ್ದರೆ ನಾನು ಬರುವುದು ತಡವಾದರೆ ಗೇಟಿನವರೆಗೂ ಬಂದು ಕಾಯುವುದೇಕೆ? ಕಣ್ಣು ಒಂದು ಹೇಳುತ್ತೆ, ಕೈ ಇನ್ನೊಂದು ಹೇಳುತ್ತೆ... ಸುಕನ್ಯಳಿಗೆ ತಲೆ ಕೆಟ್ಟು ಹೋಯಿತು. ಅವಳ ಜಾಗದಲ್ಲಿ ನೀವಿದ್ದರೂ ಅಷ್ಟೇ ಬಿಡಿ!

ಅಮೃತಮ್ಮನ ಚಿಕಿತ್ಸೆಯ ಕೊನೆಯ ದಿನ ಬಂತು. ನಾಳೆಯಿಂದ ಇಲ್ಲಿಗೆ ಬರಲು ನೆಪವಿಲ್ಲ. ಈಗ ಕೇಳದಿದ್ದರೆ ಇನ್ನೆಂದೂ ಕೇಳುವಂತಿಲ್ಲ. ಸುಕನ್ಯ ಲೋಟ ಹಿಡಿದು ನೇರ ಅವನೆದುರು ನಿಂತಳು.

"ಇವತ್ತು ಕೈಯಿಂದಾನೇ ತಗೊಳ್ಳಿ."

ಅವನು ಹಿಂದೆ ಸರಿದ.

"ನನ್ನ ಮುಟ್ಟಿದ್ರೆ ಮೈಲಿಗೇನಾ? ಗಂಡ ಸತ್ತೋಳು ಅಂತ ತಾನೆ?"

"ಎಂಥ ಮಾತಾಡ್ತೀರಾ ರೀ! ನಿಮ್ಗೇನಾದ್ರೂ ಆಗ್ಬಿಟ್ರೆ ಅಂತ... ನನ್ ಮೈಯಲ್ಲಿ ಕರೆಂಟಿದೆ!"

ರೇಡಿಯೇಷನ್‌ಗೆ ಅಲ್ಲಿ ಎಲ್ಲರೂ ಅನ್ನುವುದು 'ಕರೆಂಟ್ ಕೊಡೋದು' ಎಂದೇ. ಜೀವಮಾನವೆಲ್ಲ ವೈರು ಎಳೆದವನು ಅದನ್ನು ಹಾಗೇ ನಂಬಿಬಿಟ್ಟಿದ್ದ!

ಅಮೃತಮ್ಮ ಕಣ್ಣರಳಿಸಿದರು. "ನಂಗೂ ಕರೆಂಟೇ ಅಲ್ವೇನಪ್ಪ ಕೊಟ್ಟಿದ್ದು? ದಿನಾ ಇವ್ಳೇ ತಾನೆ ನನ್ ಕೈ ಹಿಡ್ಕೊಂಡು ಬರ್ತಿದ್ದಿದ್ದು?"

"ನಿಮ್ದು ಬರೀ ಕರೆಂಟು, ಸಿಂಗಲ್ ಫೇಸು. ನಂಗೆ ಜೊತೇಲೇ ಕೀಮೋನೂ ಕೊಡ್ತಾರೆ. ಎರಡೂ ಒಟ್ಟಿಗೆ ಕೊಟ್ರೆ ಕರೆಂಟಿನ ಪವರ್ ಜಾಸ್ತಿ ಆಗುತ್ತೆ ಅಂತ ಡಾಕ್ಟ್ರೇ ಹೇಳಿದ್ರಮ್ಮ! ತ್ರೀ ಫೇಸ್ ಅದು! ಅಕ್ಕನ ಮಕ್ಕಳನ್ನೂ ಹತ್ರ ಸೇರಿಸ್ತಿಲ್ಲ ನಾನು..."

ಆ ಕಡೆ ಹೋಗುತ್ತಿದ್ದ ನರ್ಸ್ ವಾಜಿದಾ ನಿಂತೇಬಿಟ್ಟಳು.

"ಕ್ಯಾ ಭಾಯ್! ಕೀಮೋ ಆ ಗೆಡ್ಡೆನ ಮೆತ್ತಗೆ ಮಾಡುತ್ತೆ, ಕರೆಂಟು ಅದನ್ನ ಹೊಡೆಯುತ್ತೆ. ಪವರ್ ಜಾಸ್ತಿ ಆಗೋದು ಗೆಡ್ಡೆ ಮೇಲೆ! ಮೆಷಿನ್ ಆಫ್ ಆದ್ರೆ ಮೈಯಲ್ಲಿ ಕರೆಂಟ್ ಏನೂ ಉಳಿಯಲ್ಲ. ಹೋಗಿ, ಮಕ್ಕಳನ್ನ ಎತ್ಕೊಂಡು ಮುದ್ದಾಡಿ!"

ಸುಕನ್ಯಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಇಷ್ಟು ದಿನ ನನ್ ಹೊಟ್ಟೆ ಉರಿಸಿದ್ರಲ್ಲ! ಡಾಕ್ಟ್ರನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಹೌದು ಅಂದ್ಬಿಡ್ತಾರೇನೋ ಅಂತ ಭಯ..."

ಅವಳು ಹತ್ತಿರ ಬಂದಳು. ಅವನು ಇನ್ನೂ ಕೈ ಚಾಚಲಿಲ್ಲ.

"ಹಿಡಿದ್ರೆ ಬಿಡೋಕಾಗಲ್ಲ ರೀ. ನಂದಿನ್ನೂ ಕರೆಂಟ್ ಮುಗಿದಿಲ್ಲ, ಆಮೇಲೆ ಸ್ಕ್ಯಾನ್ ಆಗ್ಬೇಕು. ಗೆಡ್ಡೆ ಹೋಗುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ನೀವು ಒಂದ್ಸಲ ಕಳ್ಕೊಂಡಿದ್ದೀರಾ..."

ಮತ್ತೆ ಅದೇ ಆದರೆ?... ದಿಕ್ಕು ತೋಚದೆ ಅತ್ತೆಯ ಕಡೆ ತಿರುಗಿದಳು.

"ನನ್ ಮುಖ ಏನ್ ನೋಡ್ತೀಯೇ? ನಾನು ಗೇಟ್ ಹತ್ರ ಕೂತಿರ್ತೀನಿ" ಎನ್ನುತ್ತ ಅಮೃತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟೇಬಿಟ್ಟರು.

ಸುಕನ್ಯ ಲೋಟ ಕೆಳಗಿಟ್ಟು, ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡಳು.

"ನಂಗೂ ಭಯಾನೇ. ಸರಿನೋ ತಪ್ಪೋ ಒಂದೂ ತಿಳೀತಿಲ್ಲ... ಆದ್ರೂ ನಾಳೆ ಬರ್ತೀನಿ."

"ಅಮ್ಮಂದು ಮುಗೀತಲ್ಲ... ನಾಳೆ ಯಾರಿಗೋಸ್ಕರ ಬರ್ತೀರಾ?"

"ನಿಂಗೋಸ್ಕರ ಕಣೋ, ದಡ್ಡ!"