ನೆಲದ ಮೇಲೆ ತಾಮ್ರ, ನೆಲದ ಕೆಳಗೆ ಸತು

“ಒಂದು ಪಾಯಿಂಟ್ ಒಂದು ಸೊನ್ನೆ! ಬಂತ ನೋಡ!” ಎಂದು ಶುಭಮ್ ನೋಟ್‌ಬುಕ್ಕನ್ನು ತಲೆಯ ಮೇಲೆತ್ತಿ ಕುಣಿಸಿದ.

“ಹ್ಯಾಂಗ ಬಂತು, ಹೇಳು,” ಎಂದಳು ಭಾಗ್ಯಾ.

“ತಾಮ್ರದ ನಂಬರ್ ಪಾಯಿಂಟ್ ಮೂವತ್ನಾಕು. ಸತುವಿಂದು ಮೈನಸ್ ಪಾಯಿಂಟ್ ಎಪ್ಪತ್ತಾರು. ತಾಮ್ರದಾಗ ಸತು ಕಳೀಬೇಕು. ಮೈನಸ್ ಮೈನಸ್ ಪ್ಲಸ್. ಕೂಡಿಸಿದ್ನಿ, ಮುಗೀತು.”

“ಕಳೀಬೇಕು ಅಂತಿ, ಮತ್ತ ಕೂಡಿಸಿದ್ನಿ ಅಂತಿ. ಯಾಕ?”

ಶುಭಮ್‌ನ ಕೈ ನಿಧಾನವಾಗಿ ಕೆಳಗಿಳಿಯಿತು. “ಯಾಕ ಅಂದ್ರ... ಹಂಗ ಆಗತೈತಿ. ಸರ್ ಹೇಳ್ಯಾರ.”

“ಪ್ರದರ್ಶನದಾಗ ಆ ಮೇಡಂ ಕೇಳಿದ್ರ ಹಿಂಗ ಹೇಳಾಂವೇನ?”

ಇಬ್ಬರೂ ಘೋಡಗೇರಿ ಸಾಲೆಯ ಏಳನೇ ಇಯತ್ತೆಯ ಮಕ್ಕಳು. ಕುಳಿತಿದ್ದು ಭಾಗ್ಯಾಳ ಮನೆಯವರ ಮೋಟಾರ್ ವೈಂಡಿಂಗ್ ಅಂಗಡಿಯ ಬೆಂಚಿನ ಮೇಲೆ. ನಡುವೆ ಎರಡು ಗಾಜಿನ ಲೋಟ. ಒಂದರಲ್ಲಿ ಮೈಲುತುತ್ತದ ನೀಲಿ ನೀರು, ಅದರೊಳಗೆ ಸುರುಳಿ ಸುತ್ತಿದ ತಾಮ್ರದ ತಂತಿ. ಇನ್ನೊಂದರಲ್ಲಿ ಕಬ್ಬಿಗೆ ಹಾಕುವ ಜಿಂಕ್ ಸಲ್ಫೇಟಿನ ನೀರು, ಅದರೊಳಗೆ ಹಳೆಯ ಬ್ಯಾಟರಿ ಸೆಲ್ ಬಿಚ್ಚಿ ತೆಗೆದ ಸತುವಿನ ತಗಡು. ಎರಡೂ ಪುಡಿಗಳು ಗೊಬ್ಬರದ ಅಂಗಡಿಯವು. ಒಂದು ಲೋಟದಿಂದ ಇನ್ನೊಂದಕ್ಕೆ ಉಪ್ಪುನೀರಲ್ಲಿ ನೆನೆಸಿದ ದೀಪದ ಬತ್ತಿ. ತಂತಿಗೊಂದು, ತಗಡಿಗೊಂದು ಮೀಟರಿನ ಕಡ್ಡಿ ಹಚ್ಚಿದರೆ 1.08 ವೋಲ್ಟ್ ಎಂದು ತೋರಿಸುತ್ತಿತ್ತು.

ಮಾಯಪ್ಪ ಸರ್ ಬೆಳಗಾವಿಗೆ ಟ್ರೇನಿಂಗಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಲೋಹಗಳ ವೋಲ್ಟ್ ನಂಬರು ಬರೆದುಕೊಟ್ಟಿದ್ದರು. “ಮೀಟರ್ ಹಚ್ಚಿ ನೋಡೂದು ಯಾರಾದ್ರೂ ಮಾಡ್ತಾರ. ಹಚ್ಚೂಕಿಂತ ಮೊದಲ ಎಷ್ಟು ಬರತೈತಿ ಅಂತ ಹೇಳಾವರ ಶಾಣ್ಯಾರು,” ಎಂದಿದ್ದರು. ಹೇಳಿ ಅವರೇನೋ ಬಸ್ ಹತ್ತಿದರು. ಸಿಕ್ಕಿಬಿದ್ದವರು ಇವರಿಬ್ಬರು.

ಶನಿವಾರ ಹುಕ್ಕೇರಿಯಲ್ಲಿ ತಾಲೂಕಿನ ವಿಜ್ಞಾನ ಪ್ರದರ್ಶನ. ಹೋದ ವರ್ಷವೂ ಭಾಗ್ಯಾ ಹೋಗಿದ್ದಳು. ಲಿಂಬೆಹಣ್ಣಿಗೆ ತಂತಿ ಚುಚ್ಚಿ ಪುಟ್ಟ ದೀಪ ಹಚ್ಚಿದ್ದಳು. ದೀಪ ಚೆನ್ನಾಗಿಯೇ ಹತ್ತಿತು. ಪರೀಕ್ಷಕರಾಗಿ ಬಂದಿದ್ದ ಕಾಲೇಜಿನ ವಿಜಯಶ್ರೀ ಮೇಡಂ ಬಗ್ಗಿ ನೋಡಿ ಒಂದೇ ಮಾತು ಕೇಳಿದರು: “ಯಾಕ?” ಭಾಗ್ಯಾ ಇಂಗು ತಿಂದ ಮಂಗನ ಹಾಗೆ ನಿಂತಳು. ಸುತ್ತಲಿನ ಮಕ್ಕಳು ಕಿಸಕ್ಕನೆ ನಕ್ಕರು. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಅತ್ತಿದ್ದು ಅವಳಿಗೂ ಆ ಕಿಟಕಿಗೂ ಮಾತ್ರ ಗೊತ್ತು. ಈ ಸಲ “ಯಾಕ” ಅಂದರೆ ಉತ್ತರ ಕೊಡಲೇಬೇಕು. ಇಲ್ಲದಿದ್ದರೆ ಆ ಮೇಡಂ ಮುಂದೆ ನಿಲ್ಲುವುದೇ ಬೇಡ ಅನ್ನಿಸಿತ್ತು ಅವಳಿಗೆ.

ಅಂಗಡಿಯ ಮೂಲೆಯಲ್ಲಿ ಅವ್ವ ಕಸ್ತೂರಿ ನೆಲಕ್ಕೆ ಕುಳಿತು ಕಟ್ಟಿಗೆಯ ಅಚ್ಚಿಗೆ ತಂತಿ ಸುತ್ತುತ್ತಿದ್ದಳು. “ನಲವತ್ತೊಂದು, ನಲವತ್ತೆರಡು...”

ಬೋರ್ಡಿನ ಮೇಲೆ ಇರುವುದು ಅಜ್ಜನ ಹೆಸರು, ‘ರಾಜಪ್ಪ ಮೋಟಾರ್ ವೈಂಡಿಂಗ್ ವರ್ಕ್ಸ್’. ಅಜ್ಜನ ಕಣ್ಣು ಮಂಜಾಗಿ ಆರು ವರ್ಷವಾಯಿತು. ಅಪ್ಪನಿಗೆ ಸಕ್ಕರೆ ಕಾರ್ಖಾನೆಯ ಪಾಳಿ. ಅಜ್ಜ ತನ್ನ ವಿದ್ಯೆಯನ್ನು ಸೊಸೆಗೆ ಧಾರೆ ಎರೆದುಬಿಟ್ಟ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟ ಕಸ್ತೂರಿ ಈಗ ಎಂಥ ಸುಟ್ಟ ಮೋಟಾರಿಗೂ ಜೀವ ಬರಿಸುತ್ತಾಳೆ. ಸುತ್ತು ಎಣಿಸುವಾಗ ಯಾರು ಏನು ಕೇಳಿದರೂ ಉತ್ತರ ಕೊಟ್ಟು, ಬಿಟ್ಟ ಅಂಕಿಯ ಮುಂದಿನ ಅಂಕಿಯಿಂದಲೇ ಶುರು ಮಾಡುತ್ತಾಳೆ. ಒಂದು ದಿನವೂ ತಪ್ಪಿದ್ದಿಲ್ಲ.

ಹೊರಗೆ ಗಾಡಿ ನಿಂತ ಸದ್ದಾಯಿತು. ಗುಡ್ಡಪ್ಪ ಎಂಬ ರೈತರು ಒಳಗಿಣುಕಿ, “ಮಿಸ್ತ್ರಿ ಎಲ್ಲದಾರವಾ?” ಎಂದರು.

“ಅಜ್ಜ ಮನ್ಯಾಗ ಅದಾನ್ರಿ,” ಎಂದಳು ಭಾಗ್ಯಾ, ತಲೆ ಎತ್ತದೆ. ಹಾಗೆ ಹೇಳುವುದು ಅವಳಿಗೆ ರೂಢಿಯಾಗಿತ್ತು. ಹೋದ ವರ್ಷ ಹುಕ್ಕೇರಿಯಲ್ಲಿ ಬೇರೆ ಸಾಲೆಯ ನಂದಾ ಎಂಬ ಹುಡುಗಿ, “ನಿಮ್ಮವ್ವ ಗಂಡಸರ ಕೆಲಸಾ ಮಾಡ್ತಾಳಂತಲ್ಲ?” ಎಂದು ಮೂಗು ಮುರಿದಾಗಿನಿಂದ ಆ ರೂಢಿ ಇನ್ನಷ್ಟು ಗಟ್ಟಿಯಾಗಿತ್ತು.

ಕಸ್ತೂರಿ ಮಗಳನ್ನು ಒಮ್ಮೆ ನೋಡಿ, “ಐವತ್ತು. ಹೇಳ್ರಿ ಅಣ್ಣಾರ, ಏನಾತು?” ಎಂದಳು.

“ಹ್ವಾದ ತಿಂಗಳ ಹೊಸಾ ಮೋಟಾರ್ ಇಳಿಸಿದ್ನಿ. ಸುಟ್ಟ ಹೋತು ನೋಡವಾ.”

“ತರೂಮುಂದ ಅಂಗಡ್ಯಾಗ ಎಷ್ಟ ಫೂಟ ಎತ್ತರ ಅಂತ ಹೇಳಿದ್ರಿ?”

“ನಲವತ್ತು. ನಮ್ಮ ನೀರಿನ ಟಾಕಿ ಮಡ್ಡಿ ಮ್ಯಾಲ ನಲವತ್ತ ಫೂಟ ಐತಲ್ಲ.”

“ಬಾವ್ಯಾಗ ನೀರು?”

“ಅದು ಅರವತ್ತ ಫೂಟ ಕೆಳಗ ಐತಿ. ಏರೂದು ಮ್ಯಾಲ, ಕೆಳಗಿಂದ್ಯಾಕ ಲೆಕ್ಕಕ್ಕ?”

ಕಸ್ತೂರಿಗೆ ನಗು ತಡೆಯಲಿಲ್ಲ. “ನೀರು ನೆಲದ ಮ್ಯಾಲಿಂದ ಹೊಂಡತೈತೇನ್ರಿ? ಮೊದಲ ಅರವತ್ತ ಫೂಟ ಏರಿ ನೆಲಕ್ಕ ಬರಬೇಕು. ಅಲ್ಲಿಂದ ಮತ್ತ ನಲವತ್ತ ಏರಬೇಕು. ಮೋಟಾರಿಗೆ ಬಿದ್ದದ್ದು ನೂರ ಫೂಟ. ನೀವು ನಲವತ್ತರದು ತಂದು ಇಳಿಸೀರಿ. ನೀರ ಏರಲಿಲ್ಲ, ಮೋಟಾರ್ ಬಿಸಿಯಾಗಿ ಸುಟ್ಟತು.”

ಭಾಗ್ಯಾಳ ಪೆನ್ನು ನಿಂತುಹೋಯಿತು.

“ಅವ್ವಾ, ಕೆಳಗಿಂದು ಅಂದ್ರ ಮೈನಸ್ ಅಲ್ಲೇನ?”

“ನಿಮ್ಮ ಮೈನಸ್ ನಂಗೇನ ಗೊತ್ತವಾ? ಎಷ್ಟ ಕೆಳಗ ಇರತೈತಿ, ಅಷ್ಟ ದೂರ ಜಾಸ್ತಿ. ಅಷ್ಟ ಗೊತ್ತು. ಐವತ್ತೊಂದು, ಐವತ್ತೆರಡು...”

ಭಾಗ್ಯಾ ಸರ್ ಕೊಟ್ಟ ಹಾಳೆಯನ್ನು ಎಳೆದುಕೊಂಡಳು. ಪಟ್ಟಿಯ ನಡುವೆ ಹೈಡ್ರೋಜನ್, ಅದರ ಮುಂದೆ ಸೊನ್ನೆ. ಅದಕ್ಕೆ ಅಡ್ಡಗೆರೆ ಎಳೆದು ‘ನೆಲ’ ಎಂದು ಬರೆದಳು. ಗೆರೆಯ ಮೇಲೆ ಮೂವತ್ನಾಲ್ಕರಲ್ಲಿ ಟಾಕಿ, ಅದು ತಾಮ್ರ. ಗೆರೆಯ ಕೆಳಗೆ ಎಪ್ಪತ್ತಾರರಲ್ಲಿ ಬಾವಿಯ ನೀರು, ಅದು ಸತು.

“ಶುಭಮ್ಯಾ! ನಾವು ಕೇಳಾಕತ್ತಿದ್ದು ಎರಡರ ನಡುವಿನ ದೂರ! ಕೆಳಗಿನ ಎಪ್ಪತ್ತಾರು, ಮ್ಯಾಲಿನ ಮೂವತ್ನಾಕು. ಅದಕ್ಕ ಕೂಡತೈತಿ!”

ಶುಭಮ್ ಬಾಯಿ ತೆರೆದು ನೋಡಿದ. ಆಮೇಲೆ ತಾನೇ ಕಂಡುಹಿಡಿದವನಂತೆ, “ನಾ ಮೊದಲ ಹೇಳಿದ್ನಿಲ್ಲೋ, ಒಂದು ಪಾಯಿಂಟ್ ಒಂದು ಸೊನ್ನೆ ಅಂತ!” ಎಂದ.

ಶನಿವಾರ ಬೆಳಿಗ್ಗೆ ಕಸ್ತೂರಿ ಮಗಳ ಜಡೆಗೆ ರಿಬ್ಬನ್ ಕಟ್ಟುತ್ತ ಕೇಳಿದಳು, “ಹುಕ್ಕೇರ್ಯಾಗ ನಂದೂ ವೈಂಡಿಂಗಿಗೆ ಹಚ್ಚೂ ವಾರ್ನಿಸ್ ತರೂದೈತಿ. ನಿಂದು ನೋಡಾಕ ಬರ್ಲೇನ?”

ಭಾಗ್ಯಾ ಕನ್ನಡಿಯಲ್ಲಿ ಅವ್ವನ ಬೆರಳುಗಳನ್ನು ನೋಡಿದಳು. ವಾರ್ನಿಸ್ ಹತ್ತಿ ಹತ್ತಿ ಉಗುರಿನ ಸುತ್ತ ಕಪ್ಪಾಗಿದ್ದವು. ಎಷ್ಟು ತಿಕ್ಕಿದರೂ ಹೋಗದ ಕಪ್ಪು. ನಂದಾಳ ಮುರಿದ ಮೂಗು ನೆನಪಾಯಿತು.

“ಬ್ಯಾಡವ್ವ. ಯಾರ ಅವ್ವಾರೂ ಬರಂಗಿಲ್ಲ.”

“ಆತು ಬಿಡವಾ,” ಎಂದಳು ಕಸ್ತೂರಿ. ರಿಬ್ಬನ್ನಿನ ಗಂಟನ್ನು ಇನ್ನೊಮ್ಮೆ ಬಿಚ್ಚಿ ಕಟ್ಟಿದಳು.

ಭಾಗ್ಯಾಳಿಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೂ ಹೇಳಿದ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಸಾಮಾನು ಕಟ್ಟುವಾಗ ತಾಮ್ರದ ಸುರುಳಿಯನ್ನು ನೋಡಿದಳು. ನಾಲ್ಕು ದಿನ ನೀಲಿ ನೀರಲ್ಲಿದ್ದು ಅದರ ಬಣ್ಣ ಮಾಸಿತ್ತು. ಮೇಡಂ ಮುಂದೆ ಇಂಥದ್ದನ್ನು ಇಡುವುದೇ? ಅದನ್ನು ಬಿಸಾಕಿ, ಅಂಗಡಿಯ ಹೊಸ ಉರುಳೆಯಿಂದ ಮಿರಿಮಿರಿ ಮಿಂಚುವ ತಂತಿ ಕತ್ತರಿಸಿಕೊಂಡಳು.

ಹುಕ್ಕೇರಿಯ ಸಾಲೆಯ ದೊಡ್ಡ ಕೋಣೆ ಜಾತ್ರೆಯಾಗಿತ್ತು. ಶುಭಮ್ ಲೋಟಗಳಿಗೆ ನೀರು ತುಂಬಿದ. ಭಾಗ್ಯಾ ಹೊಸ ತಂತಿಯ ಸುರುಳಿ ಇಳಿಬಿಟ್ಟು ಮೀಟರ್ ಹಚ್ಚಿದಳು.

0.00.

“ಬತ್ತಿ ಒಣಗೇತೇನ?” ಒಣಗಿರಲಿಲ್ಲ. “ಮೀಟರ್ ಕೆಟ್ಟೈತಿ!” ಕೆಟ್ಟಿರಲಿಲ್ಲ, ಕಡ್ಡಿಗೆ ಕಡ್ಡಿ ಮುಟ್ಟಿಸಿದರೆ ಪೀಂ ಎಂದು ಕೂಗುತ್ತಿತ್ತು. ತಗಡು ತೊಳೆದರು, ಪುಡಿ ಇನ್ನಷ್ಟು ಸುರಿದರು. ಮೀಟರ್ ಸೊನ್ನೆ ಬಿಟ್ಟು ಕದಲಲಿಲ್ಲ. ವಿಜಯಶ್ರೀ ಮೇಡಂ ಮೂರು ಟೇಬಲ್ ಆಚೆ ಇದ್ದರು. ಬಾಜೂ ಟೇಬಲ್ಲಿನಲ್ಲಿ, ಯಾರ ಪುಣ್ಯವೋ, ಅದೇ ನಂದಾ. ಹೋದ ವರ್ಷ ದೀಪವಾದರೂ ಹತ್ತಿತ್ತು, ಈ ವರ್ಷ ಅದೂ ಇಲ್ಲ!

ದಿಕ್ಕು ತೋಚದೆ ಅತ್ತಿತ್ತ ನೋಡಿದಾಗ ಬಾಗಿಲ ಬಳಿ ಅವ್ವ ಕಂಡಳು.

ಕೈಯಲ್ಲಿ ವಾರ್ನಿಸ್ ಡಬ್ಬಿಯ ಚೀಲ. ಒಳಗೆ ಬಂದಿರಲಿಲ್ಲ. ಬೇಡ ಅಂದಿದ್ದಳಲ್ಲ ಮಗಳು, ಹೊಸ್ತಿಲ ಆಚೆಯೇ ಅರ್ಧ ಮರೆಯಾಗಿ ನಿಂತಿದ್ದಳು. ಆದರೆ ಕಣ್ಣು ಮಾತ್ರ ಲೋಟದಲ್ಲಿ ಮಿಂಚುತ್ತಿದ್ದ ತಂತಿಯ ಮೇಲಿತ್ತು. ಮಗಳು ನೋಡಿದ ಕೂಡಲೇ ಅವಳು ಒಂದು ಬೆರಳು ಎತ್ತಿ, ಅದನ್ನು ಇನ್ನೊಂದು ಕೈಯ ಉಗುರಿನಿಂದ ಪರಪರ ಕೆರೆದು ತೋರಿಸಿದಳು.

ಅಯ್ಯೋ! ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ. ವೈಂಡಿಂಗ್ ತಂತಿಯ ಮೇಲೆ ತೆಳ್ಳನೆಯ ಪದರವೊಂದು ಇರುತ್ತದೆ. ಮಿಂಚುವುದು ಅದೇ. ಅದು ಕರೆಂಟನ್ನು ದಾಟಗೊಡುವುದಿಲ್ಲ. ಹಳೆಯ ಸುರುಳಿಯನ್ನು ಅವ್ವ ಒಂದು ಸಂಜೆಯಿಡೀ ಬ್ಲೇಡ್ ಹಿಡಿದು ಕೆರೆದು ಕೊಟ್ಟಿದ್ದಳು. ಅದನ್ನೇ ಭಾಗ್ಯಾ ಬಿಸಾಕಿ ಬಂದಿದ್ದಳು. ವೈಂಡಿಂಗ್ ಅಂಗಡಿಯ ಮಗಳು!

ಕಂಪಾಸ್ ಪೆಟ್ಟಿಗೆಯ ಮುಳ್ಳು ತೆಗೆದು ಅವಳು ಕೆರೆದಳು. ಶುಭಮ್ ಇನ್ನೊಂದು ತುದಿ ಕೆರೆದ. ಕೆರೆದಲ್ಲೆಲ್ಲ ಮಿಂಚು ಹೋಗಿ ಒರಟು ಕೆಂಪು ಬಂತು. ಸುರುಳಿ ಇಳಿಬಿಡುವುದಕ್ಕೂ ಮೇಡಂ ಬರುವುದಕ್ಕೂ ಸರಿಹೋಯಿತು.

“ಮೀಟರ್ ಆಮ್ಯಾಲ ಹಚ್ಚುವಂತಿ. ಎಷ್ಟು ಬರಬೇಕು?” ಎಂದರು ಮೇಡಂ.

“ಒಂದು ಪಾಯಿಂಟ್ ಒಂದು ಸೊನ್ನೆ ವೋಲ್ಟ್ ರೀ.”

“ಯಾಕ?”

ಭಾಗ್ಯಾ ಆ ಹಾಳೆಯನ್ನು ದೊಡ್ಡದಾಗಿ ಬರೆದು ತಂದಿದ್ದ ಚಾರ್ಟಿನ ಮೇಲಿನ ಅಡ್ಡಗೆರೆಗೆ ಬೆರಳಿಟ್ಟಳು. “ಇದು ನೆಲ ರೀ. ಹೈಡ್ರೋಜನ್ ಸೊನ್ನೆ. ತಾಮ್ರ ನೆಲದ ಮ್ಯಾಲ ಐತ್ರಿ, ಟಾಕಿ ಇದ್ದಂಗ. ಸತು ನೆಲದ ಕೆಳಗ, ಬಾವ್ಯಾಗಿನ ನೀರ ಇದ್ದಂಗ. ನಾವು ನೋಡೂದು ನಡುವಿನ ದೂರ. ಬರೇ ಟಾಕಿ ಲೆಕ್ಕ ಹಿಡದ್ರ ಮೋಟಾರ್ ಸುಡತೈತ್ರಿ.”

ಮೇಡಂ ಕನ್ನಡಕ ಸರಿಮಾಡಿಕೊಂಡರು. “ಈಗ ಹಚ್ಚು.”

ಮೀಟರ್ 1.06 ತೋರಿಸಿತು.

“ಮತ್ತ ಇಷ್ಟ ಕಮ್ಮಿ ಯಾಕ ಬಂತು?”

“ಪಟ್ಟಿ ಒಳಗಿನ ನಂಬರ್ ಶುದ್ಧ ಸಾಮಾನಿಂದು ರೀ. ನಮ್ಮ ಪುಡಿ ಗೊಬ್ಬರದ ಅಂಗಡೀದು, ಸತು ಹಳೇ ಸೆಲ್ಲಿಂದು. ಅದಕ್ಕ ಇರಬೇಕ್ರಿ. ಪೂರಾ ಗೊತ್ತಿಲ್ರಿ ಮೇಡಂ.”

“ಗೊತ್ತಿಲ್ಲ ಅಂದಿಯಲ್ಲ, ಛಲೋ ಆತು,” ಎಂದು ಮೇಡಂ ನಕ್ಕರು. “ಈ ಬಾವಿ, ಟಾಕಿ ಲೆಕ್ಕ ಯಾರು ಹೇಳಿಕೊಟ್ರು? ಮಾಯಪ್ಪ ಸರ್ ಏನ?”

“ಅಲ್ರಿ. ನಮ್ಮ ಅಂಗಡಿ ಮಿಸ್ತ್ರಿ ರೀ.”

“ಯಾರವರು?”

ಬಾಜೂ ಟೇಬಲ್ಲಿನಿಂದ ನಂದಾ ಕತ್ತು ಚಾಚಿದ್ದಳು. ಭಾಗ್ಯಾಳಿಗೆ ಅದು ಕಾಣಿಸಿತು. ಕಂಡರೂ ಅವಳ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಬಂತು.

“ಅಲ್ಲಿ ಬಾಗಲದಾಗ ನಿಂತಾರಲ್ರಿ, ಅವರ! ನಮ್ಮವ್ವ!”

ಕೋಣೆಯ ಅರ್ಧ ಮಂದಿ ತಿರುಗಿ ನೋಡಿದರು. ಕಸ್ತೂರಿ ಗಾಬರಿಯಾಗಿ ಎರಡೂ ಕೈ ಸೆರಗಿನೊಳಗೆ ಸೇರಿಸಿದಳು. ಭಾಗ್ಯಾ ಓಡಿಹೋಗಿ ಸೆರಗಿನೊಳಗಿಂದ ಆ ಕೈ ಹುಡುಕಿ ಹಿಡಿದು ಟೇಬಲ್ಲಿನವರೆಗೂ ಎಳೆದುಕೊಂಡು ಬಂದಳು. ಮೇಡಂ ಏನು ಕೇಳಿದರು ಗೊತ್ತೇ? ತಮ್ಮ ಮನೆಯ ಬೋರಿನ ಮೋಟಾರ್ ಪದೇ ಪದೇ ಸುಡುತ್ತದೆ, ಯಾಕಿರಬಹುದು ಎಂದು ಕೇಳಿದರು. “ನೀರು ಎಷ್ಟ ಫೂಟ ಕೆಳಗ ಐತ್ರಿ?” ಎಂದು ಕಸ್ತೂರಿ ಶುರುಮಾಡಿದಳು. ಆಮೇಲೆ ಅವಳಿಗೆ ಕೈ ಮುಚ್ಚಿಕೊಳ್ಳುವ ನೆನಪೇ ಆಗಲಿಲ್ಲ.

ಎರಡನೇ ಬಹುಮಾನ ಬಂತು. ಮೊದಲನೆಯದು ನೀರು ಚಿಮ್ಮಿಸುವ ರಾಕೆಟ್ಟಿಗೆ ಹೋಯಿತು. ಬಸ್ಸಿನಲ್ಲಿ ಊರು ಮುಟ್ಟುವ ತನಕ ಶುಭಮ್ ಆ ರಾಕೆಟ್ಟಿಗೆ ಶಾಪ ಹಾಕುತ್ತಲೇ ಇದ್ದ. ಭಾಗ್ಯಾ ಮಾತ್ರ ಅವ್ವನ ಹೆಗಲಿಗೆ ಒರಗಿ ವಾರ್ನಿಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು.

ಸೋಮವಾರ ಸಂಜೆ ಭಾಗ್ಯಾ ಬೆಂಚಿನ ಮೇಲೆ ಕುಳಿತು ಹೋಮ್‌ವರ್ಕ್ ಮಾಡುತ್ತಿದ್ದಳು. ಮೂಲೆಯಲ್ಲಿ ಕಸ್ತೂರಿ ಗುಡ್ಡಪ್ಪನವರ ಕೆಲಸ ಮುಗಿಸಿ ಇನ್ಯಾರದೋ ತಂತಿ ಸುತ್ತುತ್ತಿದ್ದಳು. “ಅರವತ್ತೇಳು, ಅರವತ್ತೆಂಟು...”

ಹೊಸಬರೊಬ್ಬರು ಬಾಗಿಲಲ್ಲಿ ನಿಂತು, “ಮಿಸ್ತ್ರಿ ಇಲ್ಲೇನವಾ?” ಎಂದರು.

ಭಾಗ್ಯಾ ಪೆನ್ನು ಕೆಳಗಿಟ್ಟು ಎದ್ದು ನಿಂತಳು. “ಅದಾರ ಬರ್ರಿ. ಅಲ್ಲಿ ಕುಂತಾರಲ್ರಿ, ಅವರ ಮಿಸ್ತ್ರಿ.”

ತಂತಿ ಸುತ್ತುತ್ತಿದ್ದ ಕೈ ನಿಂತಿತು. “ಬರ್ರಿ ಅಣ್ಣಾರ, ಕುಂದರ್ರಿ,” ಎಂದಳು ಕಸ್ತೂರಿ. ಮತ್ತೆ ಅಚ್ಚಿನ ಕಡೆ ತಿರುಗಿದಳು. ತಂತಿ ಕೈಯಲ್ಲಿತ್ತು, ಅಂಕಿ ಬಾಯಿಗೆ ಬರಲಿಲ್ಲ. “ಅರವತ್ತ... ಅರವತ್ತ...”

“ಅರವತ್ತೊಂಬತ್ತವ್ವ,” ಎಂದಳು ಭಾಗ್ಯಾ. ಅವಳೂ ಎಣಿಸುತ್ತಲೇ ಇದ್ದಳು.