ಲೆಕ್ಕಕ್ಕೆ ಬಾರದ ಪುಶ್-ಅಪ್

ಸಾರ್ಜೆಂಟ್ ಗಸ್ ಹಾಲ್‌ವರ್ಸನ್ ಎಣಿಸಲು ನಿಂತರೆ ನಮ್ಮ ಕ್ಯಾಂಪಿನ ಎಂಥ ಗಟ್ಟಿಗರ ಮುಖವೂ ಬಾಡುತ್ತಿತ್ತು. ಪುಶ್-ಅಪ್ ಸರಿಯಾಗಿದ್ದರೆ ಮುಂದಿನ ಸಂಖ್ಯೆ ಹೇಳುತ್ತಾನೆ. ಸೊಂಟ ಒಂದಿಷ್ಟು ಜಗ್ಗಿತೋ, ಹಿಂದಿನದನ್ನೇ ಮತ್ತೆ ಹೇಳುತ್ತಾನೆ. ಬೈಗುಳವಿಲ್ಲ, ವಿವರಣೆಯಿಲ್ಲ. "ಇಪ್ಪತ್ತು... ಇಪ್ಪತ್ತು... ಇಪ್ಪತ್ತು."

ದೈಹಿಕ ಪರೀಕ್ಷೆ ನಡೆಸುವವರೆಲ್ಲ ಹಾಗೇ ಎಣಿಸಬೇಕು, ಅಮೆರಿಕದ ಸೈನ್ಯದ ಪದ್ಧತಿ ಅದು. ಆದರೆ ಇಷ್ಟು ತಣ್ಣಗೆ ಹೊಟ್ಟೆ ಉರಿಸುವವನನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಅವನ ಕಣ್ಣು ಬೂದು ಬಣ್ಣದ್ದು ಎಂದು ನನಗೆ ತಿಳಿದದ್ದೂ ನೆಲದ ಮೇಲಿಂದಲೇ, ಬೆವರಿನ ನಡುವೆ, ಅವನನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದಾಗ.

ಆ ಅಕ್ಟೋಬರಿನಲ್ಲಿ ಹೊಸ ನಿಯಮದ ಮಾತು ಬಂತು. ನಮ್ಮಂಥ ಸೇತುವೆ ಕಟ್ಟುವ ತುಕಡಿಗಳಲ್ಲಿ ಇನ್ನು ಮೇಲೆ ಗಂಡಿಗೂ ಹೆಣ್ಣಿಗೂ ಒಂದೇ ಪಾಸ್ ಅಂಕ. ಮುಂದಿನ ಪರೀಕ್ಷೆಯಲ್ಲೇ ಪ್ರಯೋಗ. ಪಾಸಾಗದವರು ತುಕಡಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಕು.

ಫಸ್ಟ್ ಸಾರ್ಜೆಂಟ್ ಟ್ರೆವಿನ್ಯೋ ಎಲ್ಲರನ್ನೂ ಟ್ರಕ್ ಶೆಡ್ಡಿನಲ್ಲಿ ಸೇರಿಸಿದರು. "ಮೇಲಿನವ್ರು ನಮ್ಮ ಅಭಿಪ್ರಾಯ ಕೇಳಿದಾರೆ. ಬಾಯಿ ಇರೋರು ಈಗ ಮಾತಾಡಿ. ಆಮೇಲೆ ಕ್ಯಾಂಟೀನಲ್ಲಿ ಗೊಣಗಿದ್ರೆ ಕೇಳಲ್ಲ."

ನಾನೇ ಮೊದಲು ಎದ್ದೆ. "ನಿಯಮ ಬರ್ಲಿ. ನಾನು ಹುಡುಗರಿಗೆ ಆರ್ಡರ್ ಕೊಡೋವಾಗ, ಇವಳಿಗೆ ಬೇರೆ ಅಂಕ ಇತ್ತಲ್ವಾ ಅಂತ ಒಬ್ಬನ ತಲೇಲೂ ಸುಳೀಬಾರ್ದು."

ಹುಡುಗರು ಮೇಜು ಬಡಿದರು. ಹಾಲ್‌ವರ್ಸನ್ ಇನ್ನೂ ಜೋರಾಗಿ ಬಡಿಯುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ನಿಂತು, "ನಾನು ಒಪ್ಪಲ್ಲ" ಎಂದ.

ಮೇಜು ಬಡಿಯುತ್ತಿದ್ದ ಕೈಗಳು ನಿಂತವು.

"ಸೇತುವೆಗೆ ಪುಶ್-ಅಪ್ ಬೇಕಾಗಿಲ್ಲ. ತೊಲೆ ಎತ್ತೋರು ಬೇಕು, ಹೊತ್ತು ನಡೆಯೋರು ಬೇಕು. ಅದನ್ನ ಅಳೆಯಿರಿ, ಎಲ್ರಿಗೂ ಒಂದೇ ಇಡಿ. ಇಲ್ಲಾಂದ್ರೆ ಸಾರ್ಜೆಂಟ್ ಪ್ರೂಯೆಟ್ ಅಂಥೋರನ್ನ ಒಂದು ಪುಶ್-ಅಪ್‌ಗೋಸ್ಕರ ಕಳ್ಕೋತೀವಿ."

ಪ್ರೂಯೆಟ್ ಎಂದರೆ ನಾನು, ರೋವೆನಾ ಪ್ರೂಯೆಟ್. ಎಲ್ಲರೂ ತಿರುಗಿ ನನ್ನ ತೋಳು ನೋಡಿದರು. ನನ್ನ ಮೈ ಉರಿದುಹೋಯಿತು.

ಸಭೆ ಮುಗಿದದ್ದೇ ಕಾಫಿ ಡ್ರಮ್ಮಿನ ಹತ್ತಿರ ಅವನನ್ನು ಅಡ್ಡಗಟ್ಟಿದೆ. "ನನ್ನ ಮೇಲೆ ಕನಿಕರ ಏನ್ರೀ?"

"ನಿಮ್ಮ ಮೇಲಾ?" ಅವನು ಲೋಟ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ. "ನಿಮ್ಮನ್ನ ಕಂಡ್ರೆ ನಂಗೆ ಭಯ ಆಗತ್ತೆ."

"ಮತ್ತೆ ನನ್ನ ಹೆಸರು ಯಾಕೆ ಎತ್ತಿದ್ರಿ?"

"ಬಾಯಿಗೆ ಬಂತು." ಅವನ ಕಿವಿ ಕೆಂಪಾಗಿತ್ತು. "ಸುಮ್ನೆ ಜಗಳ ಆಡೋ ಬದ್ಲು ಬೆಳಿಗ್ಗೆ ಪ್ರಾಕ್ಟೀಸ್‌ಗೆ ಬನ್ನಿ. ನಿಮ್ಮ ಸೊಂಟ ಜಗ್ಗತ್ತೆ."

ಹೆಣ್ಣಿಗೆ ಹೇಳುವ ಮಾತೇ ಅದು! ಆದರೂ ಹೋದೆ. ಮಿಸೌರಿಯ ಆ ಚಳಿಯಲ್ಲಿ ದಿನಾ ಬೆಳಿಗ್ಗೆ ಇಬ್ಬರೂ ಮೈದಾನದಲ್ಲಿ ಸಿಗುತ್ತಿದ್ದೆವು. ನಾನು ಕೆಳಗೆ, ಅವನು ಪಕ್ಕದಲ್ಲಿ ಮಂಡಿಯೂರಿ. ಕೈ ನೋಯುವವರೆಗೆ ಪುಶ್-ಅಪ್, ಬಾಯಿ ನೋಯುವವರೆಗೆ ವಾದ. ಅವನು ಸೋಲುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ. ಮೂರನೆಯ ದಿನದಿಂದ ಅವನ ಫ್ಲಾಸ್ಕಿನ ಜೊತೆ ಎರಡು ಲೋಟ ಬರತೊಡಗಿದವು. ಅದರ ಬಗ್ಗೆ ಇಬ್ಬರೂ ವಾದ ಮಾಡಲಿಲ್ಲ.

ಪರೀಕ್ಷೆಯ ದಿನ ನನ್ನ ಸಾಲಿಗೆ ಅವನೇ ಬಂದ. ಪಾಸಾಗಲು ಮೂವತ್ತು ಬೇಕು. ಇಪ್ಪತ್ತೈದರ ಹೊತ್ತಿಗೆ ತೋಳು ನಡುಗಲು ಶುರುವಾಯಿತು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ನನ್ನ ಎಂಟು ಹುಡುಗರು ಬೇಲಿಯ ಹತ್ತಿರ ಉಸಿರು ಬಿಗಿಹಿಡಿದು ನಿಂತಿದ್ದರು. ಇನ್ನೊಮ್ಮೆ ಎದ್ದೆ. ಸೊಂಟ ಜಗ್ಗಿತು. ನನಗೇ ಚೆನ್ನಾಗಿ ಗೊತ್ತಾಯಿತು.

"ಮೂವತ್ತು" ಎಂದ ಹಾಲ್‌ವರ್ಸನ್.

ಹುಡುಗರು ಕೂಗಿದರು. ನಾನು ನೆಲಕ್ಕೆ ಊರಿದ ಕೈ ಮಡಿಸದೆ, ತಲೆಯೆತ್ತಿ ಅವನ ಮುಖ ನೋಡಿದೆ. ಸುಮ್ಮನಿದ್ದಿದ್ದರೆ ನನ್ನ ತುಕಡಿ ನನಗೆ ಉಳಿಯುತ್ತಿತ್ತು. ಸುಮ್ಮನಿದ್ದುಬಿಡಲು ತುಂಬ ಆಸೆಯಾಯಿತು.

"ಅದು ಸರಿ ಇರ್ಲಿಲ್ಲ" ಎಂದೆ. "ಮತ್ತೆ ಎಣಿಸಿ."

ಅವನ ಮುಖ ಸುಣ್ಣದಂತಾಯಿತು. "ಇಪ್ಪತ್ತೊಂಬತ್ತು" ಎಂದ, ಕೇಳಿಸದಷ್ಟು ಮೆಲ್ಲಗೆ.

ಎದೆಯನ್ನು ಮಣ್ಣಿಗೆ ತಾಗಿಸಿದೆ. ನಿಯಮದಂತೆ ಕೈ ಎರಡೂ ಬದಿಗೆ ಚಾಚಿ ಮತ್ತೆ ಎಳೆದುಕೊಂಡೆ. ಹಲ್ಲು ಕಚ್ಚಿ ಎದ್ದೆ, ಹಲಗೆಯ ಹಾಗೆ ನೆಟ್ಟಗೆ.

"ಮೂವತ್ತು!" ಈ ಸಲ ಅವನ ದನಿ ಬೇಲಿ ದಾಟಿ ಹೋಯಿತು. ನಾನು ಮಣ್ಣಿನಲ್ಲೇ ಮಕಾಡೆ ಬಿದ್ದು ನಕ್ಕೆ.

ಸಂಜೆ ಕ್ಯಾಂಪಿನ ಗೇಟಿನಾಚೆಯ ಪುಟ್ಟ ಹೋಟೆಲು, ಡೈನರಿನಲ್ಲಿ ಪೀಚ್ ಪೈ ತಿನ್ನುತ್ತಿದ್ದಾಗ ಅವನು ಎದುರಿಗೆ ಬಂದು ಕುಳಿತ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ಟ್ರೆವಿನ್ಯೋ ಹತ್ರ ಹೋಗಿ ತಪ್ಪು ಒಪ್ಕೊಂಡೆ. ಇನ್ಮೇಲೆ ನಿಮ್ಮ ಸಾಲಿಗೆ ಬೇರೆಯವ್ರನ್ನ ಹಾಕಿ ಅಂದೆ."

ಬಾಯಲ್ಲಿದ್ದ ಪೈ ಸಪ್ಪೆಯಾಯಿತು. "ಕನಿಕರಪಟ್ಟು ಎಣಿಸಿದ್ರಾ?"

"ಇಲ್ಲ ಮಾರಾಯ್ತಿ. ಸೊಂಟ ನೋಡ್ಬೇಕಿತ್ತು. ನಾನು ಮುಖ ನೋಡ್ತಾ ಕೂತಿದ್ದೆ."

ಡೈನರಿನ ಗದ್ದಲವೆಲ್ಲ ಎಲ್ಲೋ ದೂರ ಹೋಯಿತು. ಎಲ್ಲರ ಸೊಂಟದ ಕೂದಲೆಳೆಯಷ್ಟು ಓರೆಯನ್ನೂ ಹಿಡಿಯುವ ಮನುಷ್ಯ, ನನ್ನೆದುರು ಲೆಕ್ಕ ತಪ್ಪಿದ್ದ. ನನಗೆ ಹೇಳಲಾರದಷ್ಟು ಖುಷಿಯಾಯಿತು.

"ಅಂದ್ರೆ?" ಎಂದೆ, ಏನೂ ತಿಳಿಯದವಳ ಹಾಗೆ.

ಅವನು ನನ್ನ ಮುಖ ಬಿಟ್ಟು ಸಕ್ಕರೆ ಡಬ್ಬಿಗೆ ಹೇಳಿದ. "ಅಂದ್ರೆ... ನಿಮ್ಮನ್ನ ಕಂಡ್ರೆ... ಒಂಥರಾ..."

"ಸೊನ್ನೆ" ಎಂದೆ.

ಅವನು ಗಕ್ಕನೆ ತಲೆಯೆತ್ತಿದ. ಅರ್ಥವಾಯಿತು. ತುಟಿಯ ಒಂದು ಮೂಲೆಯಲ್ಲಿ ನಗು ಮೂಡಿತು.

"ಬೆಳಗಿನ ಕಾಫಿ ನಿಮ್ಮ ಜೊತೆ ಕುಡೀದಿದ್ರೆ ನಂಗೆ ದಿನಾನೇ ಶುರುವಾಗಲ್ಲ."

"ಸೊನ್ನೆ. ಪೂರ್ತಿ ಮೇಲೆ ಬಂದಿಲ್ಲ."

ಅವನು ಟೋಪಿಯನ್ನು ಮೇಜಿನ ಮೇಲಿಟ್ಟ. ಬೆನ್ನು ನೆಟ್ಟಗೆ ಮಾಡಿಕೊಂಡ. ಬೂದು ಕಣ್ಣುಗಳನ್ನು ನನ್ನ ಕಣ್ಣಿನಿಂದ ಕದಲಿಸದೆ ಹೇಳಿದ:

"ರೋವೆನಾ, ನಿನ್ನನ್ನ ನಾನು ಪ್ರೀತಿಸ್ತೀನಿ."

ನಾನು ಚಮಚ ಕೆಳಗಿಟ್ಟು ಅವನ ಕೈ ಹಿಡಿದುಕೊಂಡೆ.

"ಒಂದು" ಎಂದೆ.